ಕ್ಯಾಮೆರಾ ಕಡೆ ತಿರುಗಿ ಮಾತಾಡುವ ಗಂಡಸು

ಹೆಂಗಸರ ಹಿಂದೆ ಸುತ್ತುವ ಒಬ್ಬ ಶೋಕಿಲಾಲ. ಇವಳನ್ನು ಬಿಟ್ಟರೆ ಅವಳು, ಅವಳನ್ನು ಬಿಟ್ಟರೆ ಇನ್ನೊಬ್ಬಳು. ಕೊನೆಗೆ ಯಾರೋ ಒಬ್ಬಳ ಮೇಲೆ ನಿಜವಾಗಿ ಮನಸ್ಸಾಗುತ್ತದೆ, ಆಗ ನೋಡಬೇಕು ಅವನ ಪಾಡು. ಈ ಕಥೆಯನ್ನು ಬ್ರಿಟಿಷ್ ಸಿನಿಮಾದವರು ಅರವತ್ತು ವರ್ಷಗಳಿಂದ ಕೈಬಿಟ್ಟಿಲ್ಲ. ನಗಿಸುತ್ತಾ ಶುರು ಮಾಡುತ್ತಾರೆ, ಅರ್ಧ ದಾರಿಯಲ್ಲಿ ಹೊಟ್ಟೆ ಕಿವುಚುತ್ತಾರೆ, ಹೇಗೆ ಮುಗಿಸಬೇಕೆಂದು ತೋಚದೆ ತಡವರಿಸುತ್ತಾರೆ. ನನಗೆ ಕುತೂಹಲ ಇರುವುದು ಆ ತಡವರಿಕೆಯ ಬಗ್ಗೆ.

ಇಷ್ಟು ಹಳೆಯ ಸರಕನ್ನು ಈಗ ಯಾಕೆ ಎತ್ತಿಕೊಂಡೆ ಎಂದರೆ, 2025ರ ಮೂರು ಸುದ್ದಿಗಳಿಂದಾಗಿ. ಮಾರ್ಚ್‌ನಲ್ಲಿ ‘ಅಡೋಲಸೆನ್ಸ್’ ಎಂಬ ಬ್ರಿಟಿಷ್ ಸರಣಿ ನೆಟ್‌ಫ್ಲಿಕ್ಸ್‌ಗೆ ಬಂತು. ಸಹಪಾಠಿ ಹುಡುಗಿಯನ್ನು ಕೊಂದ ಆರೋಪದ ಮೇಲೆ 13 ವರ್ಷದ ಹುಡುಗನನ್ನು ಪೊಲೀಸರು ಬೆಳ್ಳಂಬೆಳಗ್ಗೆ ಮನೆಗೆ ನುಗ್ಗಿ ಹಿಡಿದುಕೊಂಡು ಹೋಗುವುದರಿಂದ ಅದು ಶುರುವಾಗುತ್ತದೆ. ಜೂನ್ 17ರಂದು ಬ್ರಿಟನ್ ಸಂಸತ್ತಿನ ಕೆಳಮನೆಯಲ್ಲಿ ಒಂದು ಮತದಾನ ನಡೆಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತನ್ನ ಗರ್ಭ ತಾನು ತೆಗೆಸಿಕೊಂಡ ಹೆಂಗಸಿನ ಮೇಲೆ ಇನ್ನು ಕ್ರಿಮಿನಲ್ ಕೇಸು ಹಾಕಬಾರದು ಎಂಬುದರ ಪರ 379 ಮತ, ವಿರುದ್ಧ 137. ಆಗಸ್ಟ್ 17ರಂದು ನಟ ಟೆರೆನ್ಸ್ ಸ್ಟ್ಯಾಂಪ್ 87ನೇ ವಯಸ್ಸಿನಲ್ಲಿ ತೀರಿಕೊಂಡರು.

ಫೋನ್ ನೋಡಿ ಕೆಟ್ಟ ಆ ಸರಣಿಯ ಹುಡುಗ, ಒಂದು ಕಾನೂನು, ಒಬ್ಬ ಹಳೆಯ ನಟ. ಈ ಮೂರೂ ಬಂದು ಸೇರುವ ಜಾಗ ಒಂದಿದೆ. 1966ರ ‘ಆಲ್ಫಿ’ ಎಂಬ ಸಿನಿಮಾ.

ಆಲ್ಫಿ ಎಂಬ ಪಾತ್ರವನ್ನು ಹುಟ್ಟಿಸಿದವರು ಬಿಲ್ ನಾಟನ್. ಐರ್ಲೆಂಡಿನಲ್ಲಿ ಹುಟ್ಟಿ, ಉತ್ತರ ಇಂಗ್ಲೆಂಡಿನ ಬೋಲ್ಟನ್ ಎಂಬ ಗಿರಣಿ ಊರಿನಲ್ಲಿ ಬೆಳೆದವರು. ಬರೆಯಲು ಕೂರುವ ಮೊದಲು ಮಗ್ಗದ ಕೆಲಸ ಮಾಡಿದ್ದರು, ಕಲ್ಲಿದ್ದಲು ಮೂಟೆ ಕಟ್ಟಿದ್ದರು, ಲಾರಿ ಓಡಿಸಿದ್ದರು. ಕೂಲಿ ಜನ ಹೇಗೆ ಜಂಬ ಕೊಚ್ಚಿಕೊಳ್ಳುತ್ತಾರೆ, ಏನನ್ನು ನುಂಗಿಕೊಳ್ಳುತ್ತಾರೆ ಎಂಬುದು ಅವರಿಗೆ ಕಿವಿಯಲ್ಲೇ ಇತ್ತು. 1962ರಲ್ಲಿ ಆಲ್ಫಿ ಮೊದಲು ಬಂದದ್ದು ಬಿಬಿಸಿಯ ರೇಡಿಯೊ ನಾಟಕವಾಗಿ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ರೇಡಿಯೊದಲ್ಲಿ ಮುಖ ಕಾಣುವುದಿಲ್ಲ, ಒಂದು ದನಿ ನೇರವಾಗಿ ನಿಮ್ಮ ಕಿವಿಗೆ ಬೀಳುತ್ತದೆ. ಆಲ್ಫಿ ಹುಟ್ಟಿದ್ದೇ ಯಾರಿಗೋ ಕಥೆ ಹೇಳುವ ದನಿಯಾಗಿ.

ಮರುವರ್ಷ ಲಂಡನ್ನಿನಲ್ಲಿ ರಂಗಕ್ಕೆ ಬಂತು, ಆಮೇಲೆ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯಿತು. ಅಲ್ಲಿ ಆಲ್ಫಿಯಾಗಿದ್ದವರು ಟೆರೆನ್ಸ್ ಸ್ಟ್ಯಾಂಪ್. ನಾಟಕ ಬೇಗ ಮುಚ್ಚಿಹೋಯಿತು. ಸಿನಿಮಾಕ್ಕೆ ಕರೆದಾಗ ಸ್ಟ್ಯಾಂಪ್ ಒಲ್ಲೆ ಎಂದರು. ಪಾತ್ರ ಹೋದದ್ದು ಅವರ ಜತೆ ಒಂದೇ ಮನೆಯಲ್ಲಿ ವಾಸವಿದ್ದ ಗೆಳೆಯನಿಗೆ. ಆ ಗೆಳೆಯ ಮೈಕಲ್ ಕೇನ್. ತಂದೆ ಲಂಡನ್ನಿನ ಮೀನು ಮಾರುಕಟ್ಟೆಯಲ್ಲಿ ಹಮಾಲಿ, ತಾಯಿ ಮನೆಗೆಲಸದಾಕೆ. ದಕ್ಷಿಣ ಲಂಡನ್ನಿನ ಬಡವರ ಕಾಕ್ನಿ ಮಾತು ಅವರ ಬಾಯಲ್ಲಿ ಹುಟ್ಟಿನಿಂದಲೇ ಇತ್ತು. ಲೂಯಿಸ್ ಗಿಲ್ಬರ್ಟ್ ನಿರ್ದೇಶಿಸಿದ ಈ ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಬಂತು. ಆಸ್ಕರ್‌ಗೆ ಐದು ನಾಮನಿರ್ದೇಶನಗಳಾದವು. ಸ್ಟ್ಯಾಂಪ್ ಬೇಡವೆಂದು ಬಿಟ್ಟದ್ದು ಕೇನ್‌ರನ್ನು ದೊಡ್ಡ ತಾರೆ ಮಾಡಿತು.

ಚಿತ್ರ ಶುರುವಾದಾಗ ಟೈಟಲ್ ಬರುವುದಿಲ್ಲ. ಆಲ್ಫಿ ಮದುವೆಯಾದ ಒಬ್ಬ ಹೆಂಗಸಿನ ಜತೆ ಕಾರಿನಲ್ಲಿರುತ್ತಾನೆ. ಹೊರಗೆ ಬಂದು ನಮ್ಮ ಕಡೆ ತಿರುಗಿ ಮಾತಿಗೆ ನಿಲ್ಲುತ್ತಾನೆ. ಅವಳು ಅಲ್ಲೇ ಇದ್ದಾಳೆ, ಆದರೆ ಅವಳಿಗೆ ಇದು ಕೇಳಿಸುವುದಿಲ್ಲ. ಇವಳನ್ನು ಹೇಗೆ ಇಟ್ಟುಕೊಳ್ಳಬೇಕು, ಯಾವಾಗ ಬಿಡಬೇಕು, ಹೆಂಗಸರಿಗೆ ಏನು ಇಷ್ಟ, ಏನು ಕಷ್ಟ ಎಂದು ನಮಗೆ ಪಾಠ ಮಾಡುತ್ತಾನೆ. ಬಾರಿನಲ್ಲಿ ಪಕ್ಕ ಕೂತವನ ಹೆಗಲ ಮೇಲೆ ಕೈ ಹಾಕಿ ಗುಟ್ಟು ಹೇಳುವವನಂತೆ. ಎಷ್ಟೋ ಸಲ ಹೆಂಗಸನ್ನು ‘ಅವಳು’ ಎಂದೂ ಹೇಳುವುದಿಲ್ಲ, ಒಂದು ವಸ್ತುವಿನಂತೆ ‘ಅದು’ ಎನ್ನುತ್ತಾನೆ.

ಅವನು ಸುಳ್ಳುಗಾರ ಎಂದು ನಮಗೆ ಗೊತ್ತು. ಆದರೂ ನಮಗೊಬ್ಬರಿಗೆ ನಿಜ ಹೇಳುತ್ತಿದ್ದಾನೆ ಎನ್ನಿಸಿಬಿಡುತ್ತದೆ. ಮೋಸ ಇರುವುದು ಅಲ್ಲೇ. ಪ್ರೇಕ್ಷಕರನ್ನು ಅವನು ಪಾಲುದಾರರನ್ನಾಗಿ ಮಾಡಿಕೊಂಡುಬಿಟ್ಟಿದ್ದಾನೆ. ನಾವು ನಕ್ಕಾಗಲೆಲ್ಲ ಅವನ ಕಡೆ ಒಂದು ಹೆಜ್ಜೆ ಜರುಗಿರುತ್ತೇವೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಹೀಗೆ ಯಾವಾಗಲೂ ಮೂರನೆಯವರಿಗೆ ವರದಿ ಒಪ್ಪಿಸುವ ಮನುಷ್ಯ ತನ್ನ ಎದುರಿಗೆ ಕೂತವಳ ಜತೆ ಇರಲು ಸಾಧ್ಯವೇ? ಮುತ್ತಿಡುವಾಗಲೂ ಅವನ ಒಂದು ಕಣ್ಣು ನಮ್ಮ ಮೇಲೆ. ಹೆಣ್ಣುಬಾಕ ಪ್ರೀತಿಯಲ್ಲಿ ಬೀಳುವ ಸಿನಿಮಾ ಬೇಕು ಎಂದರೆ ಮೊದಲು ಅವನಿಂದ ಈ ಪ್ರೇಕ್ಷಕರನ್ನು ಕಿತ್ತುಕೊಳ್ಳಬೇಕು. ಈ ಬಗೆಯ ಚಿತ್ರಗಳಲ್ಲಿ ಯಾವುದು ಗೆದ್ದಿದೆ, ಯಾವುದು ಸೋತಿದೆ ಎಂದು ನೋಡಲು ನಾನು ಇಟ್ಟುಕೊಂಡಿರುವ ಅಳತೆ ಇದೊಂದೇ.

ಗಿಲ್ಬರ್ಟ್ ತೋರಿಸಿದ ಮುಖಗಳು

1966ರ ಚಿತ್ರದ ಜಾಣತನ ಆಲ್ಫಿಯ ಮಾತಿಗಿಂತ ಅದರ ಸುತ್ತ ಕಾಣುವ ಮುಖಗಳಲ್ಲಿದೆ. ಗಿಲ್ಡಾ ಅವನಿಂದ ಬಸಿರಾಗುತ್ತಾಳೆ, ಮಗನನ್ನು ಹೆರುತ್ತಾಳೆ. ಅವಳು ಒಳ್ಳೆಯವಳು, ತೊಂದರೆ ಕೊಡುವುದಿಲ್ಲ ಎಂದು ಆಲ್ಫಿ ನಮಗೆ ಹೇಳುತ್ತಿರುತ್ತಾನೆ. ನಮಗೆ ಕಾಣುವುದು ಬೇರೆ. ಜೂಲಿಯಾ ಫಾಸ್ಟರ್ ಅವರ ಮುಖದಲ್ಲಿ ಅವಳು ಕಾಯುವುದು ಕಾಣುತ್ತದೆ, ಕಾಯುವುದನ್ನು ನಿಲ್ಲಿಸುವುದೂ ಕಾಣುತ್ತದೆ. ಕೊನೆಗೆ ಅವಳು ಸಾದಾ ಸೀದಾ ಬಸ್ ಕಂಡಕ್ಟರ್ ಹಂಫ್ರಿಯನ್ನು ಮದುವೆಯಾಗುತ್ತಾಳೆ. ಆಲ್ಫಿ ಮಗನನ್ನು ದೂರದಿಂದ ಕದ್ದು ನೋಡುವ ಸ್ಥಿತಿಗೆ ಬರುತ್ತಾನೆ.

ಲಿಲಿಯ ಭಾಗವಂತೂ ನೋಡಲು ಕಷ್ಟ. ಆಲ್ಫಿಯ ಶ್ವಾಸಕೋಶದಲ್ಲಿ ಕಲೆ ಕಾಣಿಸಿಕೊಂಡು ಅವನು ಕ್ಷಯರೋಗಿಗಳ ಆಸ್ಪತ್ರೆ ಸೇರಿರುತ್ತಾನೆ. ಅಲ್ಲಿ ಪಕ್ಕದ ಮಂಚದ ರೋಗಿಯ ಹೆಂಡತಿ ಲಿಲಿ. ನಡುವಯಸ್ಸಿನ, ಮೂರು ಮಕ್ಕಳ, ದಣಿದ ಹೆಂಗಸು. ಒಂದು ಮಧ್ಯಾಹ್ನದ ಸಲಿಗೆಯಿಂದ ಅವಳು ಬಸಿರಾಗುತ್ತಾಳೆ. ಗಂಡ ಆಸ್ಪತ್ರೆಯಲ್ಲಿದ್ದಾನೆ, ಹಾಗಾಗಿ ಮುಚ್ಚಿಡಲು ದಾರಿಯಿಲ್ಲ. ಆಲ್ಫಿಯ ಕೋಣೆಗೆ ಕದ್ದು ಗರ್ಭ ತೆಗೆಯುವವನೊಬ್ಬ ಬರುತ್ತಾನೆ. ಆ ಪಾತ್ರದಲ್ಲಿ ಡೆನ್‌ಹಂ ಎಲಿಯಟ್ ನಾಲ್ಕೇ ನಿಮಿಷವೆನ್ನುವಂತೆ ಬಂದು ಹೋದರೂ ಅವರ ಬೆವರು, ಆತುರ, ಕಾನೂನಿನ ಮಾತನ್ನು ಬಾಯಿಪಾಠದಂತೆ ಒಪ್ಪಿಸುವ ರೀತಿ ಮರೆಯುವುದಿಲ್ಲ. ವಿವಿಯನ್ ಮರ್ಚೆಂಟ್ ಲಿಲಿಯಾಗಿ ಆಸ್ಕರ್ ನಾಮನಿರ್ದೇಶನ ಪಡೆದರು.

ಆಮೇಲೆ ಆಲ್ಫಿ ಕೋಣೆಯ ಪರದೆಯ ಆಚೆ ಇಣುಕುತ್ತಾನೆ. ಅವನು ಕಂಡದ್ದನ್ನು ನಮಗೆ ತೋರಿಸುವುದಿಲ್ಲ. ಕೇನ್ ಅವರ ಮುಖ ಒಂದೇ ಕಾಣುತ್ತದೆ. ಇಷ್ಟು ಹೊತ್ತು ಪ್ರತಿಯೊಂದಕ್ಕೂ ನಮಗೆ ವಿವರಣೆ ಕೊಡುತ್ತಿದ್ದವನು ಇಲ್ಲಿ ಒಡೆದುಹೋಗುತ್ತಾನೆ. ಆದರೂ ಬಿಲ್ ನಾಟನ್ ಅವನನ್ನು ಸುಲಭವಾಗಿ ಪಾರು ಮಾಡುವುದಿಲ್ಲ. ಆಲ್ಫಿ ಗೆಳೆಯನಿಗೆ ಇದನ್ನೆಲ್ಲ ಹೇಳಿಕೊಳ್ಳುವಾಗ, ತಾನು ಅತ್ತದ್ದು ತನಗೋಸ್ಕರ ಎಂಬ ಸತ್ಯವೂ ಹೊರಬೀಳುತ್ತದೆ. ಅಷ್ಟೊಂದು ಆಗಿಯೂ ಲಿಲಿಯ ನೋವು ಅವನಿಗೆ ಪೂರ್ತಿ ತಲುಪಿಲ್ಲ.

ಆ ಕಾಲದ ಕಾನೂನು ಗೊತ್ತಿಲ್ಲದಿದ್ದರೆ ಈ ದೃಶ್ಯದ ಭಯ ಅರ್ಧ ಮಾತ್ರ ಅರ್ಥವಾಗುತ್ತದೆ. 1861ರ ಒಂದು ಕಾಯಿದೆಯ ಪ್ರಕಾರ ಗರ್ಭ ತೆಗೆದವನಿಗೂ ತೆಗೆಸಿಕೊಂಡವಳಿಗೂ ಜೀವಾವಧಿ ಶಿಕ್ಷೆಯವರೆಗೆ ಆಗಬಹುದಿತ್ತು. ದುಡ್ಡಿದ್ದವರಿಗೆ ಖಾಸಗಿ ವೈದ್ಯರು ಹೇಗೋ ಸಿಗುತ್ತಿದ್ದರು. ಲಿಲಿಯಂಥವರಿಗೆ ಹಿಂಬಾಗಿಲೇ ಗತಿ. ಚಿತ್ರ ತೆರೆಗೆ ಬಂದದ್ದು 1966ರ ಮಾರ್ಚ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಡೇವಿಡ್ ಸ್ಟೀಲ್ ಎಂಬ ಯುವ ಸಂಸದ ಗರ್ಭಪಾತ ಮಸೂದೆ ಮಂಡಿಸಿದರು. 1967ರ ಅಕ್ಟೋಬರ್‌ನಲ್ಲಿ ಅದು ಕಾಯಿದೆಯಾಯಿತು, 1968ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಸಿನಿಮಾದಿಂದಲೇ ಕಾನೂನು ಬದಲಾಯಿತು ಎಂದರೆ ಅದು ಅತಿಯಾಗುತ್ತದೆ. ಒಂದೇ ಗಾಳಿ ಎರಡನ್ನೂ ತಟ್ಟಿತ್ತು ಎನ್ನಬಹುದು.

ಇಲ್ಲಿ ಜನ ಸಾಮಾನ್ಯವಾಗಿ ತಪ್ಪು ತಿಳಿಯುವ ವಿಷಯ ಒಂದಿದೆ. 1967ರ ಕಾಯಿದೆ ಹಳೆಯ ಅಪರಾಧವನ್ನು ತೆಗೆದುಹಾಕಲಿಲ್ಲ. ಇಬ್ಬರು ವೈದ್ಯರು ಒಪ್ಪಿ ಸಹಿ ಹಾಕಿದರೆ ಅದು ಅಪರಾಧವಾಗದು ಎಂದು ವಿನಾಯಿತಿ ಕೊಟ್ಟಿತು, ಅಷ್ಟೆ. 1861ರ ಕಾಯಿದೆ ಕೆಳಗೆ ಹಾಗೇ ಕೂತಿತ್ತು. 2025ರ ಜೂನ್ ಮತದಾನ ಮುಟ್ಟಿದ್ದು ಅದನ್ನು. 24 ವಾರಗಳ ಮಿತಿಯನ್ನು, ವೈದ್ಯರ ಮೇಲಿನ ನಿಯಮಗಳನ್ನು ಅದು ಬದಲಿಸಲು ಹೋಗಲಿಲ್ಲ. ಹೆಂಗಸನ್ನು ಮಾತ್ರ ಕಟಕಟೆಯಿಂದ ಇಳಿಸಲು ಹೊರಟಿತು. ಲಿಲಿಯ ಕಥೆ ನಡೆದು 59 ವರ್ಷಗಳಾದ ಮೇಲೆ.

ಈ ಮೊದಲ ಆಲ್ಫಿ ಪ್ರೀತಿಯಲ್ಲಿ ಬೀಳುತ್ತಾನೆಯೇ? ಬಿದ್ದ ಹಾಗೆ ಮಾಡುತ್ತಾನೆ. ರೂಬಿ ಎಂಬ ದುಡ್ಡಿನ ಹೆಂಗಸಿನ ಜತೆ ನೆಲೆ ನಿಲ್ಲೋಣ ಎಂದು ಹೂವು ಹಿಡಿದುಕೊಂಡು ಹೋಗುತ್ತಾನೆ. ಅವಳ ಹಾಸಿಗೆಯಲ್ಲಿ ಬೇರೆ ಹುಡುಗ. ನನಗಿಂತ ಅವನಲ್ಲಿ ಏನು ಜಾಸ್ತಿ ಎಂದು ಕೇಳಿದರೆ, ಅವನ ವಯಸ್ಸು ಕಡಿಮೆ ಎಂಬ ಉತ್ತರ ಬರುತ್ತದೆ. ಅವನ ಲೆಕ್ಕವನ್ನೇ ಅವನಿಗೆ ಓದಿ ಹೇಳಿದಂತೆ. ಚಿತ್ರಮಂದಿರದಲ್ಲಿ ಇಲ್ಲಿ ಜೋರಾಗಿ ನಗು ಎದ್ದಿರಬೇಕು, ಅಲ್ವಾ?

ಎರಡನೇ ಆಲ್ಫಿ ಮತ್ತು ಬಿದ್ದ ವಿಮಾನ

ನಿಜವಾಗಿ ಪ್ರೀತಿಯಲ್ಲಿ ಬೀಳುವ ಆಲ್ಫಿ ಬಂದದ್ದು 1975ರಲ್ಲಿ. ಚಿತ್ರದ ಹೆಸರು ‘ಆಲ್ಫಿ ಡಾರ್ಲಿಂಗ್’. ಬರೆದು ನಿರ್ದೇಶಿಸಿದವರು ಕೆನ್ ಹ್ಯೂಸ್. ಮೈಕಲ್ ಕೇನ್ ಇಲ್ಲ. ಅವರ ಜಾಗಕ್ಕೆ ಆಲನ್ ಪ್ರೈಸ್. ಇವರು ನಟರಿಗಿಂತ ಸಂಗೀತಗಾರರು, ‘ದಿ ಆ್ಯನಿಮಲ್ಸ್’ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಇಂದು ಈ ಚಿತ್ರವನ್ನು ಹೆಚ್ಚಿನವರು ಮರೆತಿದ್ದಾರೆ. ಮರೆಯುವಂಥ ಚಿತ್ರವೇ ಎಂದು ಒಪ್ಪುತ್ತೇನೆ. ಆದರೆ ಅದು ಸೋತ ರೀತಿಯಿಂದ ಕಲಿಯುವುದು ಬಹಳ ಇದೆ.

ಇಲ್ಲಿ ಆಲ್ಫಿ ಲಂಡನ್ನಿನಿಂದ ಫ್ರಾನ್ಸ್‌ಗೆ ಸರಕು ಸಾಗಿಸುವ ಲಾರಿ ಡ್ರೈವರ್. ಜತೆಗೆ ಬೇಕಿ ಎಂಬ ಹುಡುಗ. ಊರಿಗೊಬ್ಬಳು, ನಿಲ್ದಾಣಕ್ಕೊಬ್ಬಳು. ಜೋನ್ ಕಾಲಿನ್ಸ್ ಕೂಡ ಆ ಸಾಲಿನಲ್ಲಿದ್ದಾರೆ. ಆಮೇಲೆ ಅಬಿ ಸಿಗುತ್ತಾಳೆ. ಪಾತ್ರ ಮಾಡಿದವರು ಜಿಲ್ ಟೌನ್‌ಸೆಂಡ್. ಅಬಿ ಒಂದು ಪತ್ರಿಕೆಯ ಸಂಪಾದಕಿ. ತನ್ನ ದುಡ್ಡು, ತನ್ನ ಕಾರು, ತನ್ನ ಮನಸ್ಸು. ಇವನ ಹಳೆಯ ಆಟಗಳಿಗೆ ಅವಳು ಬಗ್ಗುವುದಿಲ್ಲ. ಅವಳು ಬಗ್ಗದಿದ್ದಕ್ಕೇ ಇವನಿಗೆ ತಲೆ ಕೆಡುತ್ತದೆ.

ಕಾಲವನ್ನು ಸ್ವಲ್ಪ ಗಮನಿಸಿ. ಬ್ರಿಟನ್ 1973ರಲ್ಲಿ ಯುರೋಪಿನ ಸಮುದಾಯ ಸೇರಿತ್ತು. 1975ರ ಜೂನ್‌ನಲ್ಲಿ ಜನಮತ ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ಯುರೋಪಿನಲ್ಲೇ ಇರೋಣ ಎಂದರು. ಅದೇ ವರ್ಷದ ಕೊನೆಗೆ, ಡಿಸೆಂಬರ್ 29ರಂದು, ಸಮಾನ ವೇತನದ ಕಾಯಿದೆ ಮತ್ತು ಲಿಂಗ ತಾರತಮ್ಯ ತಡೆಯುವ ಕಾಯಿದೆ ಎರಡೂ ಒಟ್ಟಿಗೆ ಜಾರಿಗೆ ಬಂದವು. ಕಡಲು ದಾಟಿ ಲಾರಿ ಓಡಿಸುವ ಗಂಡಸು, ಕಚೇರಿ ನಡೆಸುವ ಹೆಣ್ಣು. ಒಂದು ಒಳ್ಳೆಯ ಚಿತ್ರಕ್ಕೆ ಬೇಕಾದದ್ದೆಲ್ಲ ಅಲ್ಲೇ ಬಿದ್ದಿತ್ತು. ಸಂಬಳದಲ್ಲಿ, ಓದಿನಲ್ಲಿ, ವರ್ಗದಲ್ಲಿ ತನಗಿಂತ ಮೇಲಿನವಳ ಜತೆ ಈ ಡ್ರೈವರ್ ಸಂಸಾರ ಹೇಗೆ ಹೂಡುತ್ತಾನೆ? ಬೆಳಗ್ಗೆ ಎದ್ದು ಯಾರು ಚಹಾ ಮಾಡುತ್ತಾರೆ? ಅವಳ ಗೆಳೆಯರ ಮನೆಯ ಊಟದಲ್ಲಿ ಇವನು ಏನು ಮಾತಾಡುತ್ತಾನೆ?

ಚಿತ್ರ ಇದ್ಯಾವುದನ್ನೂ ಕೇಳುವುದಿಲ್ಲ. ಮದುವೆಯ ಮಾತಾಗುತ್ತದೆ, ಅಬಿ ವಿಮಾನ ಅಪಘಾತದಲ್ಲಿ ಸಾಯುತ್ತಾಳೆ. ಕಥೆ ಮುಗಿಯಿತು.

ಇದನ್ನು ದುರಂತ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಇದು ಜಾರಿಕೊಳ್ಳುವ ದಾರಿ. ಹೆಣ್ಣುಬಾಕ ಬದಲಾದನೋ ಇಲ್ಲವೋ ಎಂದು ಗೊತ್ತಾಗುವುದು ಒಪ್ಪಿಗೆ ಸಿಕ್ಕ ಕ್ಷಣದಲ್ಲಲ್ಲ, ಆರು ತಿಂಗಳ ಮೇಲೆ ಬೇಸರ ಹಿಡಿದ ಒಂದು ಮಂಗಳವಾರ. ಆ ಮಂಗಳವಾರವನ್ನು ಬರೆಯಲು ಧೈರ್ಯ ಸಾಲದೆ ಅವಳನ್ನೇ ಕೊಂದುಬಿಟ್ಟರು. ಅವನಿಗೆ ಪ್ರೀತಿಸಿದವನೆಂಬ ಹೆಸರೂ ಸಿಕ್ಕಿತು, ಪ್ರೀತಿಯ ಕೆಲಸವೂ ತಪ್ಪಿತು. ಲಿಲಿ ಹಾಸಿಗೆಯಲ್ಲಿ ನರಳಿ ಅವನಿಗೆ ಪಾಠ ಕಲಿಸಬೇಕಾಯಿತು, ಅಬಿ ಸತ್ತು ಕಲಿಸಬೇಕಾಯಿತು. ಒಟ್ಟಿನಲ್ಲಿ ಅವನ ಫೀಸು ಕಟ್ಟುವವರು ಬೇರೆ ಯಾರೋ.

ಆ ಹೊತ್ತಿನ ಬ್ರಿಟಿಷ್ ಸಿನಿಮಾದ ಸ್ಥಿತಿಯೂ ಹಾಗೇ ಇತ್ತೆನ್ನಿ. ಅಮೆರಿಕದ ದುಡ್ಡು ವಾಪಸ್ ಹೋಗಿತ್ತು. ಕಿಟಕಿ ಒರೆಸುವವನ ಮಂಚದ ಸಾಹಸಗಳಂಥ ಅಗ್ಗದ ಹಾಸ್ಯ ಚಿತ್ರಗಳೇ ಚೆನ್ನಾಗಿ ಓಡುತ್ತಿದ್ದವು. ‘ಆಲ್ಫಿ ಡಾರ್ಲಿಂಗ್’ ಅತ್ತ ಆ ಸಾಲಿಗೂ ಪೂರ್ತಿ ಸೇರದೆ, ಇತ್ತ ಮೊದಲ ಚಿತ್ರದ ಮಟ್ಟಕ್ಕೂ ಏರದೆ ನಡುವೆ ಉಳಿಯಿತು.

ಅದೇ 1975ರಲ್ಲಿ ಲಂಡನ್ನಿನ ‘ಸ್ಕ್ರೀನ್’ ಪತ್ರಿಕೆಯಲ್ಲಿ ಲಾರಾ ಮಲ್ವಿ ಎಂಬಾಕೆ ಒಂದು ಪ್ರಬಂಧ ಪ್ರಕಟಿಸಿದರು. ಸಿನಿಮಾದಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಕ್ಯಾಮೆರಾ ನಮ್ಮನ್ನು ಆ ಗಂಡಿನ ಕಣ್ಣಿನ ಹಿಂದೆ ಕೂರಿಸುತ್ತದೆ ಎಂಬುದು ಅದರ ತಿರುಳು. ಅವರ ಉದಾಹರಣೆಗಳು ಹಾಲಿವುಡ್‌ನವು. ಆಲ್ಫಿಗಂತೂ ಆ ಮಾತು ಅಳತೆ ತೆಗೆದು ಹೊಲಿದಂತಿತ್ತು. ಅವನು ಕಣ್ಣಿನ ಹಿಂದೆ ಅಲ್ಲ, ಪಕ್ಕದಲ್ಲೇ ಜಾಗ ಮಾಡಿ ಕರೆಯುತ್ತಾನೆ.

ಮಾತು ಕೈ ಬದಲಾಯಿಸಿದಾಗ

ಲೂಯಿಸ್ ಗಿಲ್ಬರ್ಟ್ ಅವರಿಗೆ ಇದು ಮನಸ್ಸಿನಲ್ಲಿ ಕೊರೆಯುತ್ತಿತ್ತೋ ಏನೋ. 1989ರಲ್ಲಿ ಅವರು ‘ಶರ್ಲಿ ವ್ಯಾಲೆಂಟೈನ್’ ತೆಗೆದರು. ವಿಲ್ಲಿ ರಸೆಲ್ ಅವರ ನಾಟಕ ಆಧರಿಸಿದ್ದು. ಲಿವರ್‌ಪೂಲ್‌ನ ನಡುವಯಸ್ಸಿನ ಗೃಹಿಣಿ ಅಡುಗೆಮನೆಯ ಗೋಡೆಯ ಜತೆ ಮಾತಾಡುತ್ತಾಳೆ, ನಮ್ಮ ಜತೆಯೂ ಮಾತಾಡುತ್ತಾಳೆ. ಅದೇ ನಿರ್ದೇಶಕ, ಅದೇ ಉಪಾಯ. ಆದರೆ ಈ ಸಲ ಕ್ಯಾಮೆರಾ ಕಡೆ ತಿರುಗಿದವಳು ಗಿಲ್ಡಾಳೋ ಲಿಲಿಯೋ ಆಗಬಹುದಿದ್ದ ಹೆಂಗಸು. ಮನೆಯಲ್ಲಿ ಯಾರೂ ಕೇಳುವವರಿಲ್ಲದ್ದರಿಂದ ಅವಳಿಗೆ ನಾವು ಬೇಕು. ಆಲ್ಫಿಗೆ ನಾವು ಬೇಕಾದದ್ದು ಮೆಚ್ಚಿಕೊಳ್ಳಲು. ವ್ಯತ್ಯಾಸ ದೊಡ್ಡದು.

ಶರ್ಲಿ ಗ್ರೀಸ್‌ಗೆ ಹೋಗುತ್ತಾಳೆ. ಅಲ್ಲಿ ಕೋಸ್ಟಾಸ್ ಎಂಬ ದೋಣಿಯ ಶೋಕಿಲಾಲ ಸಿಗುತ್ತಾನೆ. ಅವಳಿಗೆ ಹೇಳಿದ ಸಿಹಿ ಮಾತುಗಳನ್ನೇ ಅವನು ಮುಂದೆ ಬಂದ ಇನ್ನೊಬ್ಬಳಿಗೂ ಹೇಳುವುದು ಅವಳ ಕಣ್ಣಿಗೇ ಬೀಳುತ್ತದೆ. ಅವಳು ಅತ್ತು ಕರೆಯುವುದಿಲ್ಲ. ಅವಳಿಗೆ ಪ್ರೀತಿ ಹುಟ್ಟಿದ್ದು ತನ್ನ ಬದುಕಿನ ಮೇಲೆ, ಕೋಸ್ಟಾಸ್ ಅದಕ್ಕೊಂದು ನೆಪ. ಈ ಬಗೆಯ ಗಂಡಸಿಗೆ ಬ್ರಿಟಿಷ್ ಸಿನಿಮಾ ಕೊಟ್ಟ ಅತ್ಯಂತ ತಮಾಷೆಯ ಶಿಕ್ಷೆ ಇದೇ ಎನ್ನುತ್ತೇನೆ. ಅವನಿಗೆ ಕಥೆಯಲ್ಲಿ ಮುಖ್ಯ ಜಾಗವೇ ಇಲ್ಲ.

2002ರ ‘ಅಬೌಟ್ ಎ ಬಾಯ್’ ಇನ್ನೊಂದು ಉಪಾಯ ಹುಡುಕಿತು. ನಿಕ್ ಹಾರ್ನ್‌ಬಿ ಅವರ ಕಾದಂಬರಿ, ಹ್ಯೂ ಗ್ರಾಂಟ್ ನಾಯಕ. ಅಪ್ಪ ಬರೆದ ಒಂದು ಕ್ರಿಸ್‌ಮಸ್ ಹಾಡಿನ ರಾಯಲ್ಟಿಯಲ್ಲಿ ಕೂತು ತಿನ್ನುವ ವಿಲ್. ಒಂಟಿ ತಾಯಂದಿರನ್ನು ಬಲೆಗೆ ಹಾಕಲು ತನಗೂ ಮಗನಿದ್ದಾನೆಂದು ಸುಳ್ಳು ಹೇಳಿ ಅವರ ಸಂಘಕ್ಕೆ ಸೇರಿಕೊಳ್ಳುತ್ತಾನೆ. ಕಚ್ಚೆಹರುಕರಲ್ಲೂ ಇವನು ಸೋಮಾರಿ ಜಾತಿ. ಇಲ್ಲಿ ಅವನು ಕ್ಯಾಮೆರಾ ನೋಡುವುದಿಲ್ಲ, ಹಿನ್ನೆಲೆಯಲ್ಲಿ ಅವನ ದನಿ ಕೇಳಿಸುತ್ತದೆ. ಆದರೆ ದನಿ ಅವನೊಬ್ಬನದೇ ಅಲ್ಲ. ಮಾರ್ಕಸ್ ಎಂಬ 12 ವರ್ಷದ ಹುಡುಗನಿಗೂ ಅಷ್ಟೇ ಹಕ್ಕಿನ ದನಿ ಇದೆ. ವಿಲ್ ತನ್ನ ಬಗ್ಗೆ ಹೇಳಿಕೊಂಡದ್ದನ್ನು ಮಾರ್ಕಸ್ ಪಕ್ಕದಲ್ಲೇ ನಿಂತು ತಿದ್ದಬಲ್ಲ. ರೇಚಲ್ ಎಂಬಾಕೆಯ ಮೇಲೆ ವಿಲ್‌ಗೆ ಮನಸ್ಸಾದಾಗ ನಾವು ನಂಬುತ್ತೇವೆ, ಯಾಕೆಂದರೆ ಅಷ್ಟರಲ್ಲಿ ಅವನ ಏಕಪಾತ್ರಾಭಿನಯ ಮುರಿದಿರುತ್ತದೆ. ಖಿನ್ನತೆಯಲ್ಲಿ ಮುಳುಗಿದ ತಾಯಿ, ಶಾಲೆಯಲ್ಲಿ ಗೇಲಿಗೆ ಸಿಕ್ಕಿದ ಹುಡುಗ, ಅವರ ಮನೆಯ ರಗಳೆ ಎಲ್ಲದರ ನಡುವೆ ಅವನು ಸಿಕ್ಕಿಕೊಂಡಿರುತ್ತಾನೆ. ಇದನ್ನು ತೆಗೆದ ಕ್ರಿಸ್ ಮತ್ತು ಪಾಲ್ ವೈಟ್ಸ್ ಅಮೆರಿಕದವರು. ಬ್ರಿಟಿಷರ ಗಂಟನ್ನು ಬಿಡಿಸಲು ಹೊರಗಿನವರು ಬರಬೇಕಾಯಿತೇನೋ.

2004ರ ಹೊಸ ‘ಆಲ್ಫಿ’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೂಡ್ ಲಾ, ಮ್ಯಾನ್‌ಹಟನ್, ಒಳ್ಳೆಯ ಕೋಟುಗಳು. ಕ್ಯಾಮೆರಾ ಜತೆ ಮಾತು ಉಳಿಸಿಕೊಂಡರು, ಆ ಮಾತಿಗೆ ಎದುರು ನಿಲ್ಲುತ್ತಿದ್ದ ಲಿಲಿಯನ್ನು ಕೈಬಿಟ್ಟರು. ಗರ್ಭಪಾತ ನಡೆಯುವುದೇ ಇಲ್ಲ, ಗೆಳೆಯನ ಸಂಗಾತಿ ಮಗುವನ್ನು ಹೆರುತ್ತಾಳೆ. ಭಯ ತೆಗೆದ ಮೇಲೆ ಉಳಿದದ್ದು ಸುಮ್ನೆ ಬೇಜಾರಾದ ಒಬ್ಬ ಚಂದದ ಹುಡುಗ. ಹಾಕಿದ ಬಂಡವಾಳವೂ ಹುಟ್ಟಲಿಲ್ಲ.

ಈ ಗಂಟನ್ನು ಪೂರ್ತಿ ಬಿಡಿಸಿದ್ದು ಸಿನಿಮಾ ಅಲ್ಲ, ಟಿವಿ. ಫೀಬಿ ವಾಲರ್-ಬ್ರಿಜ್ ಅವರ ‘ಫ್ಲೀಬ್ಯಾಗ್’ 2013ರಲ್ಲಿ ಎಡಿನ್‌ಬರೊದಲ್ಲಿ ಒಬ್ಬರೇ ಆಡುವ ನಾಟಕವಾಗಿ ಶುರುವಾಯಿತು, 2016ರಲ್ಲಿ ಬಿಬಿಸಿಗೆ ಬಂತು. ಗಂಡಸರನ್ನು ಬದಲಾಯಿಸುತ್ತಾ, ಮಲಗಿದ್ದಾಗಲೂ ನಮ್ಮ ಕಡೆ ಕಣ್ಣು ಹೊಡೆಯುತ್ತಾ ಹೋಗುವ ಲಂಡನ್ನಿನ ಹುಡುಗಿ. ಆಲ್ಫಿಯ ಮೊಮ್ಮಗಳು ಎನ್ನಿ. 2019ರ ಎರಡನೇ ಸೀಸನ್‌ನಲ್ಲಿ ಅವಳಿಗೆ ಒಬ್ಬ ಕ್ಯಾಥೊಲಿಕ್ ಪಾದ್ರಿಯ ಮೇಲೆ ಪ್ರೀತಿ ಹುಟ್ಟುತ್ತದೆ. ಒಮ್ಮೆ ಇಬ್ಬರೂ ಮಾತಾಡುತ್ತಿರುವಾಗ ಅವಳು ಎಂದಿನಂತೆ ನಮ್ಮ ಕಡೆ ತಿರುಗುತ್ತಾಳೆ. ಪಾದ್ರಿ ತಟ್ಟನೆ ಕೇಳುತ್ತಾನೆ, ಈಗ ಎಲ್ಲಿಗೆ ಹೋಗಿದ್ದೆ ಎಂದು.

ನನ್ನ ಮಟ್ಟಿಗೆ ಈ ಅರವತ್ತು ವರ್ಷದ ಕಥೆಯಲ್ಲಿ ಅದು ಅತಿ ದೊಡ್ಡ ಕ್ಷಣ. ಗಿಲ್ಡಾಗೆ, ಲಿಲಿಗೆ, ಕಾರಿನಲ್ಲಿದ್ದ ಆ ಮೊದಲ ಹೆಂಗಸಿಗೆ ಯಾರಿಗೂ ಕಾಣದಿದ್ದದ್ದು ಇವನಿಗೆ ಕಂಡಿತು. ಪ್ರೀತಿಸುವವರು ಅಷ್ಟು ಹತ್ತಿರದಿಂದ ನೋಡುತ್ತಾರೆ, ನೀವು ಕೋಣೆಯಲ್ಲಿ ಇಲ್ಲದ್ದು ಅವರಿಗೆ ಗೊತ್ತಾಗಿಬಿಡುತ್ತದೆ. ಅವಳಿಗೆ ಅವನು ದಕ್ಕುವುದಿಲ್ಲ. ಆದರೆ ಕೊನೆಗೆ ಅವಳು ನಮ್ಮನ್ನು ಹಿಂದೆ ಬರಬೇಡಿ ಎಂದು ತಲೆಯಾಡಿಸಿ, ಕೈ ಬೀಸಿ ಹೋಗಿಬಿಡುತ್ತಾಳೆ. ಈ ಪ್ರೀತಿಗಾಗಿ ಯಾರೂ ಸಾಯಬೇಕಾಗಲಿಲ್ಲ. ಫೀಸು ಅವಳೇ ಕಟ್ಟಿದಳು.

ಈಗ ಕ್ಯಾಮೆರಾ ಯಾರ ಕೈಯಲ್ಲಿದೆ

ಈಗ ಫೋನಿಗೆ ಬರೋಣ. ಹೆಂಗಸರನ್ನು ಹೇಗೆ ಒಲಿಸಬೇಕು, ಹೇಗೆ ಹದ್ದಿನಲ್ಲಿಡಬೇಕು, ಅವರಿಗೆ ನಿಜವಾಗಿ ಬೇಕಾದದ್ದು ಏನು ಎಂದು ಕ್ಯಾಮೆರಾ ನೋಡಿ ಪಾಠ ಮಾಡುವ ಗಂಡಸರು ಇವತ್ತು ಪ್ರತಿ ಸ್ಕ್ರೋಲಿಗೆ ಒಬ್ಬರಂತೆ ಸಿಗುತ್ತಾರೆ. ಬ್ರಿಟನ್ನಿನಲ್ಲಿ ಇವರ ಲೋಕಕ್ಕೆ ‘ಮ್ಯಾನೊಸ್ಫಿಯರ್’ ಎನ್ನುತ್ತಾರೆ. ‘ಅಡೋಲಸೆನ್ಸ್’ನಲ್ಲಿ ಇಂಥ ಪಾಠಗಳಿಗೇ ಹೆಸರಾದ ಆಂಡ್ರ್ಯೂ ಟೇಟ್ ಎಂಬವನ ಹೆಸರು ಬರುತ್ತದೆ. ಶೇ 80 ಹೆಂಗಸರು ಶೇ 20 ಗಂಡಸರ ಹಿಂದೆ ಮಾತ್ರ ಹೋಗುತ್ತಾರೆ ಎಂಬ, ಆ ಲೋಕದ ‘ನಿಯಮ’ವೂ ಬರುತ್ತದೆ. ಆಲ್ಫಿಯ ಬಾಯಲ್ಲಿದ್ದ ಪಾಠವೇ ಈಗ ಲೆಕ್ಕದ ವೇಷ ಹಾಕಿಕೊಂಡಿದೆ.

ಹಾಗಂತ ಆಲ್ಫಿಯೇ ಇವರ ಮೂಲಪುರುಷ ಎಂದು ಸಿನಿಮಾದ ಮೇಲೆ ಗೂಬೆ ಕೂರಿಸುವುದು ತಪ್ಪು. ವ್ಯತ್ಯಾಸ ಸಣ್ಣದಲ್ಲ. ಆಲ್ಫಿಗೆ ದ್ವೇಷ ಇರಲಿಲ್ಲ, ಉಡಾಫೆ ಇತ್ತು. ಇವರಲ್ಲಿ ಹಲವರು ಮಾರುವುದೇ ದ್ವೇಷವನ್ನು. ಇನ್ನೂ ಮುಖ್ಯವಾದದ್ದು, ಆಲ್ಫಿ ಮಾತಾಡುವಾಗ ಅವನ ಹಿಂದೆ ಗಿಲ್ಬರ್ಟ್ ಇದ್ದರು. ಅವನು ಒಂದು ಹೇಳಿದರೆ ನಿರ್ದೇಶಕ ಗಿಲ್ಡಾಳ ಮುಖ ತೋರಿಸುತ್ತಿದ್ದರು. ಮಾತೂ ಅದರ ಬೆಲೆಯೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತಿದ್ದವು. ಫೋನಿನ ವೀಡಿಯೊದಲ್ಲಿ ಆ ಇನ್ನೊಂದು ಮುಖಕ್ಕೆ ಜಾಗವಿಲ್ಲ. ಮಾತಾಡುವವನೇ ನಿರ್ದೇಶಕ, ಅವನೇ ಸಂಕಲನಕಾರ. ಲಿಲಿ ಎಂದೂ ತೆರೆಯ ಮೇಲೆ ಬರುವುದಿಲ್ಲ. ನೋಡುವವನು 1966ರ ಚಿತ್ರಮಂದಿರದಲ್ಲಿ ಹತ್ತಾರು ಜನರ ನಡುವೆ ಕೂತ ದೊಡ್ಡವನೂ ಅಲ್ಲ. ಆಗ ಚಿತ್ರಕ್ಕೆ ದೊಡ್ಡವರಿಗೆ ಮಾತ್ರ ಎಂಬ ‘ಎಕ್ಸ್’ ಸರ್ಟಿಫಿಕೇಟ್ ಇತ್ತು. ಈಗ ನೋಡುವವನು ಹೊದಿಕೆಯೊಳಗೆ ಒಬ್ಬನೇ ಇರುವ ಹುಡುಗ.

‘ಅಡೋಲಸೆನ್ಸ್’ ಬರೆದ ಜ್ಯಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರೇಯಂ, ನಿರ್ದೇಶಕ ಫಿಲಿಪ್ ಬ್ಯಾರಂಟಿನಿ ಇದಕ್ಕೆ ಒಂದು ತಾಂತ್ರಿಕ ಉತ್ತರ ಕೊಟ್ಟರು. ನಾಲ್ಕು ಕಂತು, ಪ್ರತಿ ಕಂತೂ ಒಂದೇ ಶಾಟ್. ಕತ್ತರಿ ಇಲ್ಲ. ಯಾರೂ ಕ್ಯಾಮೆರಾ ಕಡೆ ತಿರುಗಿ ನಮ್ಮನ್ನು ಪಕ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ. ಮೂರನೇ ಕಂತಿನಲ್ಲಿ ಆ ಹುಡುಗ ಮನಶ್ಶಾಸ್ತ್ರಜ್ಞೆಯ ಎದುರು ಕೂತು ಮೋಹಕ ಮಾತು, ಬೆದರಿಕೆ, ಅಳು ಒಂದಾದ ಮೇಲೊಂದು ಪ್ರಯೋಗಿಸುತ್ತಾನೆ. ಅವನ ಆಟ ಮೆಚ್ಚಿ ತಲೆದೂಗಲು ಯಾರೂ ಇಲ್ಲ. ಆ ಪಾತ್ರ ಮಾಡಿದ ಓವನ್ ಕೂಪರ್‌ಗೆ 15ನೇ ವಯಸ್ಸಿನಲ್ಲಿ ಎಮ್ಮಿ ಬಂತು. ಸರಣಿಯನ್ನು ಬ್ರಿಟನ್ನಿನ ಪ್ರೌಢಶಾಲೆಗಳಿಗೆ ಉಚಿತವಾಗಿ ತೋರಿಸುವ ಏರ್ಪಾಡಾಯಿತು, ಪ್ರಧಾನಿ ಕಿಯರ್ ಸ್ಟಾರ್ಮರ್ ಬೆಂಬಲಿಸಿದರು.

ಒಳ್ಳೆಯದೇ. ಆದರೆ ಶಾಲೆಯಲ್ಲಿ ತೋರಿಸುವವರು ಎರಡನೇ ಕಂತಿನಲ್ಲಿ ಪೊಲೀಸ್ ಅಧಿಕಾರಿ ಮಿಶಾ ಫ್ರ್ಯಾಂಕ್ ಆಡುವ ಮಾತಿನ ಹತ್ತಿರ ಒಮ್ಮೆ ನಿಲ್ಲಿಸಬೇಕು. ಎಲ್ಲರೂ ನೆನಪಿಟ್ಟುಕೊಳ್ಳುವುದು ಕೊಂದ ಹುಡುಗನನ್ನು, ಸತ್ತ ಕೇಟಿಯನ್ನಲ್ಲ ಎಂದು ಅವಳು ಸಿಡುಕುತ್ತಾಳೆ. ಸರಣಿ ತನ್ನ ಮೇಲೆ ತಾನೇ ಹಾಕಿಕೊಂಡ ಆರೋಪ ಅದು. ನಾಲ್ಕು ಕಂತು ಮುಗಿದರೂ ಕೇಟಿಯ ಮನೆಯೊಳಗೆ ಕ್ಯಾಮೆರಾ ಹೋಗುವುದಿಲ್ಲ, ಅವಳ ತಾಯಿ ಯಾರೆಂದೂ ನಮಗೆ ತಿಳಿಯುವುದಿಲ್ಲ.